ಬುಕ್‌ಪೋಸ್ಟಿನಲ್ಲಿ ಬಂದ ಎಳ್ಳು-ಬೆಲ್ಲ

ಜನವರಿ ಬಂತೆಂದರೆ ಪುಸ್ತಕದ ಅಂಗಡಿಗಳ ಮುಂದೆ ದಾರ ಕಟ್ಟಿ, ಬಟ್ಟೆ ಕ್ಲಿಪ್ಪು ಹಾಕಿ, ಸಾಲಾಗಿ ಗ್ರೀಟಿಂಗ್ಸ್ ಕಾರ್ಡು ನೇತುಹಾಕುತ್ತಿದ್ದ ಕಾಲವೊಂದಿತ್ತು. ಹುಣಸೂರಿನಲ್ಲಾಗಲಿ, ಪಿರಿಯಾಪಟ್ಟಣದಲ್ಲಾಗಲಿ, ಕೆ.ಆರ್. ನಗರ, ಎಚ್.ಡಿ. ಕೋಟೆಯಲ್ಲಾಗಲಿ ನಲವತ್ತು ದಾಟಿದ ಯಾರನ್ನು ಕೇಳಿದರೂ ನೆನಪು ಮಾಡಿಕೊಳ್ಳುತ್ತಾರೆ. ಗುಲಾಬಿ ಹೂವು, ಸೂರ್ಯ ಮುಳುಗುವ ಸಮುದ್ರ, ಹಿಮದ ಬೆಟ್ಟ, ಕೆನ್ನೆ ಉಬ್ಬಿದ ಮಗು, ಗಣೇಶ, ರಾಜ್‌ಕುಮಾರ್, ವಿಷ್ಣುವರ್ಧನ್. ಕಾರ್ಡು ತಿರುಗಿಸಿದರೆ ಒಳಗೆ ಅಚ್ಚಾದ ಒಂದೆರಡು ಸಾಲು. ನಾಲ್ಕಾಣೆಯದು ಒಂದು ಸಾಲು, ಎಂಟಾಣೆಯದು ಇನ್ನೊಂದು, ಒಂದು ರೂಪಾಯಿಯದು ಮೇಲಿನ ದಾರದಲ್ಲಿ, ಮಕ್ಕಳ ಕೈಗೆ ಸಿಗದ ಹಾಗೆ.

ಈ ಅಂಗಡಿ ಕಾರ್ಡಿನ ಬಗ್ಗೆ ಪತ್ರಿಕೆಗಳಲ್ಲಿ ಪ್ರತಿ ಸಂಕ್ರಾಂತಿಗೂ ಒಂದಲ್ಲ ಒಂದು ನೆನಪಿನ ಬರಹ ಬರುತ್ತದೆ. ಅದರ ಪಕ್ಕದಲ್ಲೇ ಇದ್ದ ಇನ್ನೊಂದು ಕಾರ್ಡಿನ ಬಗ್ಗೆ ಮಾತ್ರ ಯಾರೂ ಬರೆಯುವುದಿಲ್ಲ. ನಾಲ್ಕಾಣೆಯೂ ಇಲ್ಲದವರು, ಅಥವಾ ನಾಲ್ಕಾಣೆ ಇದ್ದರೂ ಹತ್ತು ಜನಕ್ಕೆ ಕಳಿಸಬೇಕಾದವರು ಮನೆಯಲ್ಲೇ ಕೂತು ಮಾಡುತ್ತಿದ್ದ ಕಾರ್ಡು ಅದು. ಡ್ರಾಯಿಂಗ್ ಹಾಳೆ, ಇಲ್ಲವೇ ಹಳೆಯ ಲಗ್ನಪತ್ರಿಕೆಯ ಖಾಲಿ ಬೆನ್ನು. ಚಿತ್ರ ಎಲ್ಲಿಂದ? ‘ಸುಧಾ’ದಿಂದ, ‘ತರಂಗ’ದಿಂದ, ‘ಚಂದಮಾಮ’ದಿಂದ, ಯಾರದೋ ಮನೆಯಿಂದ ಎರವಲು ತಂದ ಕಸೂತಿ ಪುಸ್ತಕದಿಂದ. ಈ ಬರಹ ಆ ಕಾರ್ಡಿನದು.

ಮೊದಲು ಅಂಚೆಯ ಮಾತು. ಅಂಚೆ ಇಲ್ಲದೆ ಕಾರ್ಡಿಲ್ಲ. ನಮ್ಮ ಸೀಮೆಗೆ ಅಂಚೆ ಇಂಗ್ಲಿಷರು ತಂದದ್ದಲ್ಲ. ಚಿಕ್ಕದೇವರಾಜ ಒಡೆಯರು 1672ರಲ್ಲೇ ಮೈಸೂರು ಅಂಚೆ ಶುರು ಮಾಡಿದ್ದರು. ಕಾಗದ ತಲುಪಿಸುವುದರ ಜತೆಗೆ ಸುದ್ದಿ ಕಲೆಹಾಕಿ ಅರಮನೆಗೆ ಮುಟ್ಟಿಸುವ ಕೆಲಸವೂ ಅದರದ್ದೇ. 1889ರಲ್ಲಿ ಅದು ಬ್ರಿಟಿಷ್ ಇಂಡಿಯಾದ ಅಂಚೆ ಇಲಾಖೆಯಲ್ಲಿ ಸೇರಿಹೋಯಿತು. ಇಲಾಖೆ ಹೋದರೂ ಹೆಸರು ಉಳಿಯಿತು. ಇವತ್ತಿಗೂ ನಾವು ಪೋಸ್ಟಾಫೀಸನ್ನು ಅಂಚೆ ಕಚೇರಿ ಎನ್ನುವುದು ಆ ಹಳೆಯ ಇಲಾಖೆಯ ನೆನಪಿನಲ್ಲೇ. ಬ್ರಿಟಿಷ್ ಇಂಡಿಯಾದಲ್ಲಿ ಪೋಸ್ಟ್ ಕಾರ್ಡು ಬಂದದ್ದು 1879ರ ಜುಲೈನಲ್ಲಿ, ಬೆಲೆ ಕಾಲಾಣೆ. ಬಡವನ ಕಾಗದ ಅಂದರೆ ಅದೇ.

ಶುಭಾಶಯದ ಕಾರ್ಡು ಎನ್ನುವುದು ಹುಟ್ಟಿದ್ದೂ ಅಂಚೆಯ ಮಗ್ಗುಲಲ್ಲೇ. ಲಂಡನ್ನಿನಲ್ಲಿ 1840ರಲ್ಲಿ ಒಂದು ಪೆನ್ನಿಗೆ ದೇಶದ ಯಾವ ಮೂಲೆಗಾದರೂ ಕಾಗದ ಕಳಿಸುವ ಪದ್ಧತಿ ಜಾರಿಗೆ ಬಂತು. ಆ ಕೆಲಸದಲ್ಲಿ ದುಡಿದವರಲ್ಲಿ ಹೆನ್ರಿ ಕೋಲ್ ಒಬ್ಬರು. 1843ರ ಕ್ರಿಸ್‌ಮಸ್ಸಿಗೆ ಎಲ್ಲರಿಗೂ ಕೈಯಲ್ಲಿ ಕಾಗದ ಬರೆಯಲು ಪುರುಸೊತ್ತಿಲ್ಲದೆ, ಜಾನ್ ಹಾರ್ಸ್ಲಿ ಎಂಬ ಚಿತ್ರಗಾರರ ಕೈಯಲ್ಲಿ ಒಂದು ಕಾರ್ಡು ಬರೆಸಿ ಸಾವಿರ ಪ್ರತಿ ಅಚ್ಚು ಹಾಕಿಸಿದರು. ಮಿಕ್ಕವನ್ನು ಒಂದೊಂದು ಶಿಲ್ಲಿಂಗಿಗೆ ಮಾರಿದರು. ಒಂದು ಶಿಲ್ಲಿಂಗ್ ಅಂದರೆ ಹನ್ನೆರಡು ಪೆನ್ನಿ. ಕೂಲಿಯವನ ಕೈಗೆಟುಕುವ ಬೆಲೆಯಲ್ಲ. ಗಮನಿಸಿ: ಅಚ್ಚಿನ ಕಾರ್ಡು ಹುಟ್ಟಿದ್ದು ಕಾಗದ ಬರೆಯಲು ಪುರುಸೊತ್ತಿಲ್ಲದವರಿಗಾಗಿ. ನಮ್ಮ ಕೈಕಾರ್ಡು ಹುಟ್ಟಿದ್ದು ಪುರುಸೊತ್ತು ಇದ್ದು ಕಾಸಿಲ್ಲದವರಿಂದ. ಎರಡೂ ಒಂದೇ ವಸ್ತುವಿನ ಹಾಗೆ ಕಂಡರೂ ದಾರಿ ಬೇರೆ.

ಕ್ರಿಸ್‌ಮಸ್ಸಿನಿಂದ ಹೊಸ ವರ್ಷಕ್ಕೆ, ಹೊಸ ವರ್ಷದಿಂದ ನಮ್ಮ ಹಬ್ಬಕ್ಕೆ ಕಾರ್ಡು ದಾಟಿತು. ನಮ್ಮ ಕಡೆ ಅದು ಗೌರಿ ಹಬ್ಬಕ್ಕಾಗಲಿ ದೀಪಾವಳಿಗಾಗಲಿ ಅಷ್ಟಾಗಿ ಅಂಟಿಕೊಳ್ಳದೆ ಸಂಕ್ರಾಂತಿಗೆ ಅಂಟಿಕೊಂಡದ್ದು ಯಾಕೆ? ನನಗೆ ತೋಚುವುದು ಇಷ್ಟು. ಹಳೆ ಮೈಸೂರಿನ ಸಂಕ್ರಾಂತಿಯೇ ಮನೆಮನೆಗೆ ಹಂಚುವ ಹಬ್ಬ. ಹೆಣ್ಣುಮಕ್ಕಳು ಹೊಸ ಲಂಗ ಉಟ್ಟು ಎಳ್ಳು, ಬೆಲ್ಲ, ಕೊಬ್ಬರಿ, ಹುರಿಗಡಲೆ, ಸಕ್ಕರೆ ಅಚ್ಚು, ಕಬ್ಬಿನ ಜಲ್ಲೆ ತಟ್ಟೆಯಲ್ಲಿಟ್ಟುಕೊಂಡು ಬೀರಲು ಹೊರಡುತ್ತಾರೆ. ‘ಎಳ್ಳು ಬೆಲ್ಲ ತಿಂದು ಒಳ್ಳೆ ಮಾತಾಡಿ’ ಎಂಬ ಮಾತೂ ಜತೆಗೇ ಹೋಗುತ್ತದೆ. ಮದುವೆಯಾಗಿ ಬೇರೆ ಊರಿಗೆ ಹೋದ ಗೆಳತಿಗೆ, ಹಾಸ್ಟೆಲಿನಲ್ಲಿರುವ ಅಣ್ಣನಿಗೆ ಎಳ್ಳು ಬೀರುವುದು ಹೇಗೆ? ಬೆಲ್ಲವನ್ನು ಲಕೋಟೆಯಲ್ಲಿ ಹಾಕಿದರೆ ಇರುವೆ ತಿನ್ನುತ್ತದೆ. ಮಾತನ್ನು ಹಾಕಬಹುದು. ಹೊಸ ವರ್ಷಕ್ಕೆ ಬಂದ ಕಾರ್ಡಿನ ದಾಸ್ತಾನು ಹದಿನಾಲ್ಕು ದಿನ ಕಳೆದರೂ ಅಂಗಡಿಯಲ್ಲೇ ಇರುತ್ತಿದ್ದದ್ದರಿಂದ ಅಂಗಡಿಯವರಿಗೂ ಅನುಕೂಲವೇ.

ಇನ್ನೊಂದು ಕಾರಣ ಕಾಸಿನದು. ಹುಣಸೂರು, ಪಿರಿಯಾಪಟ್ಟಣ, ಕೋಟೆ ಸೀಮೆಯಲ್ಲಿ ಹೊಗೆಸೊಪ್ಪಿನ ಹರಾಜು ಸೆಪ್ಟೆಂಬರ್ ಹೊತ್ತಿಗೆ ಶುರುವಾಗಿ ಹೊಸ ವರ್ಷದಾಚೆಗೂ ನಡೆಯುತ್ತದೆ. ಕೆ.ಆರ್. ನಗರದ ಕಾವೇರಿ ನಾಲೆಯ ಬಯಲಿನಲ್ಲಿ ಭತ್ತದ ಒಕ್ಕಣೆ ಮುಗಿದಿರುತ್ತದೆ. ಚುಂಚನಕಟ್ಟೆಯ ದನದ ಜಾತ್ರೆ ಕೂಡ ಜನವರಿಯದ್ದೇ. ವರ್ಷದಲ್ಲಿ ಮಕ್ಕಳು ಕೈಚಾಚಿದರೆ ಚಿಲ್ಲರೆ ಬೀಳಬಹುದಾದ ತಿಂಗಳು ಇದ್ದರೆ ಅದು ಇದೇ. ಆ ಚಿಲ್ಲರೆಯಲ್ಲಿ ಒಂದು ಹಾಳೆ, ಒಂದು ಸ್ಕೆಚ್ ಪೆನ್ನು, ನಾಲ್ಕು ಅಂಚೆಚೀಟಿ.

ಅಂಚೆಚೀಟಿಯಲ್ಲೂ ಒಂದು ಲೆಕ್ಕವಿತ್ತು. ಲಕೋಟೆಯ ಬಾಯಿಗೆ ಅಂಟು ಹಾಕದೆ, ತುದಿಯನ್ನು ಒಳಕ್ಕೆ ಮಡಚಿ, ಮೇಲೆ ಎಡ ಮೂಲೆಯಲ್ಲಿ ‘ಬುಕ್‌ಪೋಸ್ಟ್’ ಎಂದು ಬರೆದರೆ ಕಡಿಮೆ ದರ. ಆದರೆ ಆ ದರ ಕಾಗದಕ್ಕಲ್ಲ, ಶುಭಾಶಯಕ್ಕೆ. ಒಳಗೆ ಉದ್ದದ ಕಾಗದ ಬರೆದು ತುರುಕಿದರೆ ಸಿಕ್ಕಿಬೀಳುವ ಭಯ. ಕಡಿಮೆ ಅಂಚೆಚೀಟಿ ಹಚ್ಚಿದ ಕಾಗದಕ್ಕೆ ಕೊರತೆಯ ಎರಡರಷ್ಟನ್ನು ತಲುಪಿದವರ ಕೈಯಲ್ಲಿ ವಸೂಲು ಮಾಡುತ್ತಿದ್ದರು. ಬೀಗರ ಮನೆಗೆ ಡ್ಯೂ ಬಿದ್ದ ಕಾರ್ಡು ಹೋಯಿತೆಂದರೆ ಮರ್ಯಾದೆಯ ಪ್ರಶ್ನೆ. ಹಾಗಾಗಿ ಹೇಳಬೇಕಾದ್ದನ್ನೆಲ್ಲ ಚಿತ್ರದಲ್ಲೇ ಹೇಳಬೇಕು. ಕಾರ್ಡಿನ ಮೇಲಿನ ಚಿತ್ರ ಅಷ್ಟು ಮುಖ್ಯವಾಗಲು ಇದೂ ಒಂದು ಕಾರಣ ಎಂದು ನನ್ನ ಅನಿಸಿಕೆ.

ಇನ್ನು ಪತ್ರಿಕೆಗಳಿಗೆ ಬರೋಣ. ಹೆಣ್ಣುಮಕ್ಕಳಿಗೆಂದೇ ಕನ್ನಡದಲ್ಲಿ ಪತ್ರಿಕೆ ಮಾಡಿದ ಮೊದಲಿಗರಲ್ಲಿ ಒಬ್ಬರು ನಮ್ಮ ಜಿಲ್ಲೆಯವರೇ, ಕೋಟೆ ತಾಲ್ಲೂಕಿನ ಪಕ್ಕದ ನಂಜನಗೂಡಿನವರು. ತಿರುಮಲಾಂಬ (1887–1982) ಚಿಕ್ಕ ವಯಸ್ಸಿನಲ್ಲೇ ಗಂಡನನ್ನು ಕಳೆದುಕೊಂಡರು. ಮನೆಯಲ್ಲೇ ಓದಿ, 1913ರಲ್ಲಿ ‘ಸತಿ ಹಿತೈಷಿಣಿ’ ಗ್ರಂಥಮಾಲೆ ಶುರು ಮಾಡಿದರು. ಆಮೇಲೆ ‘ಕರ್ನಾಟಕ ನಂದಿನಿ’ ಎಂಬ ಮಾಸಪತ್ರಿಕೆ ನಡೆಸಿದರು. ಬೆಂಗಳೂರಿನಲ್ಲಿ ಆರ್. ಕಲ್ಯಾಣಮ್ಮ 1921ರಲ್ಲಿ ‘ಸರಸ್ವತಿ’ ಹೊರಡಿಸಿ ನಾಲ್ಕು ದಶಕ ನಡೆಸಿದರು. ಪತ್ರಿಕೆ ಎಂದರೆ ಗಂಡಸರು ಕಟ್ಟೆಯ ಮೇಲೆ ಕೂತು ಓದುವುದು ಎಂದಿದ್ದ ಕಾಲದಲ್ಲಿ, ಹೆಣ್ಣುಮಕ್ಕಳಿಗೂ ಒಂದು ಪುಟ ಬೇಕು ಎಂಬ ಮಾತು ನೆಲೆ ನಿಂತದ್ದು ಇಂಥವರಿಂದ.

ಆದರೆ ಹಳ್ಳಿಮನೆಯ ಒಳಗೆ ನಿಜವಾಗಿ ನುಗ್ಗಿದ್ದು ವಾರಪತ್ರಿಕೆಗಳು. ಪ್ರಜಾವಾಣಿ ಬಳಗದ ‘ಸುಧಾ’ 1965ರ ಜನವರಿಯಲ್ಲಿ ಬಂತು. ಮಣಿಪಾಲದಿಂದ ‘ತರಂಗ’ 1983ರಲ್ಲಿ. ಮಕ್ಕಳಿಗೆ ‘ಚಂದಮಾಮ’ 1949ರಿಂದಲೇ ಕನ್ನಡದಲ್ಲಿ ಬರುತ್ತಿತ್ತು. ಕೆ.ಆರ್. ನಗರಕ್ಕೆ ರೈಲಿದೆ, ಮೈಸೂರು–ಅರಸೀಕೆರೆ ಗಾಡಿ ಅಲ್ಲಿ ನಿಲ್ಲುತ್ತದೆ. ಮಿಕ್ಕ ಮೂರು ತಾಲ್ಲೂಕಿಗೂ ಇವತ್ತಿಗೂ ರೈಲಿಲ್ಲ, ಪತ್ರಿಕೆಯ ಕಟ್ಟು ಬಸ್ಸಿನಲ್ಲೇ ಬರಬೇಕು. ಪೇಟೆಯಿಂದ ಹಳ್ಳಿಗೆ ಅದು ಬರುತ್ತಿದ್ದದ್ದು ಮೇಷ್ಟರ ಚೀಲದಲ್ಲಿ, ಹಾಲಿನ ಸೊಸೈಟಿ ಕಾರ್ಯದರ್ಶಿಯ ಸೈಕಲ್ಲಿನ ಹಿಂದೆ. ಒಂದು ಸಂಚಿಕೆ ಹತ್ತು ಮನೆ ಸುತ್ತುತ್ತಿತ್ತು. ಮೊದಲ ಮನೆಯಲ್ಲಿ ಧಾರಾವಾಹಿ, ಎರಡನೆಯ ಮನೆಯಲ್ಲಿ ಭವಿಷ್ಯ, ಮೂರನೆಯ ಮನೆಯಲ್ಲಿ ಪದಬಂಧ ಯಾರೋ ಪೆನ್ನಲ್ಲಿ ತುಂಬಿಬಿಟ್ಟಿರುತ್ತಿದ್ದರು. ಕೊನೆಯ ಮನೆಗೆ ಬರುವ ಹೊತ್ತಿಗೆ ರಂಗೋಲಿ ಪುಟವೇ ಇರುತ್ತಿರಲಿಲ್ಲ, ಕತ್ತರಿಸಿ ತೆಗೆದ ಕಿಟಕಿ ಮಾತ್ರ.

ಆ ಕಿಟಕಿಯೇ ಈ ಕತೆಯ ನಡುಮಧ್ಯ.

1961ರ ಜನಗಣತಿಯ ಹೊತ್ತಿಗೆ ನಮ್ಮ ರಾಜ್ಯದ ಹೆಣ್ಣುಮಕ್ಕಳಲ್ಲಿ ಕಾಲು ಭಾಗದವರಿಗೂ ಓದು ಬರಹ ಬರುತ್ತಿರಲಿಲ್ಲ. ಹಾಗಿದ್ದೂ ಅವರು ಪತ್ರಿಕೆ ‘ಓದುತ್ತಿದ್ದರು’. ರಂಗೋಲಿಗೆ ಅಕ್ಷರ ಬೇಡ. ಎಣಿಸಲು ಬಂದರೆ ಸಾಕು. ‘7 ಚುಕ್ಕಿ, 4ಕ್ಕೆ ನಿಲ್ಲಿಸಿ’ ಎಂದು ಯಾರಾದರೂ ಒಮ್ಮೆ ಓದಿ ಹೇಳಿದರೆ ಮುಗಿಯಿತು. ಅರ್ಥ ಇಷ್ಟೇ: ನಡುವಿನ ಸಾಲಿನಲ್ಲಿ ಏಳು ಚುಕ್ಕಿ, ಅದರ ಮೇಲೆ ಕೆಳಗೆ ಸಂದಿಗೆ ಬರುವ ಹಾಗೆ ಆರು, ಆಮೇಲೆ ಐದು, ಆಮೇಲೆ ನಾಲ್ಕು. ಒಟ್ಟು 37 ಚುಕ್ಕಿ, ಆರು ಮೂಲೆಯ ಆಕಾರ. ‘15 ಚುಕ್ಕಿ, 8ಕ್ಕೆ ನಿಲ್ಲಿಸಿ’ ಎಂದರೆ 169 ಚುಕ್ಕಿ. ಬೇಕಾದರೆ ಎಣಿಸಿ ನೋಡಿ.

ಅಂಗಳದ ರಂಗೋಲಿ ಕಾರ್ಡಿಗೆ ಇಳಿಯುವುದು ಸುಲಭದ ಮಾತಲ್ಲ. ಪೋಸ್ಟ್ ಕಾರ್ಡಿನ ಅಳತೆ 14 ಸೆಂಟಿಮೀಟರ್ ಉದ್ದ, 9 ಸೆಂಟಿಮೀಟರ್ ಅಗಲ. ಏಳು ಚುಕ್ಕಿಯದನ್ನು ಒಂದೊಂದು ಸೆಂಟಿಮೀಟರ್ ಅಂತರದಲ್ಲಿ ಇಟ್ಟರೆ ಆರು ಸೆಂಟಿಮೀಟರ್ ಅಗಲಕ್ಕೆ ಮುಗಿಯುತ್ತದೆ, ಪಕ್ಕದಲ್ಲಿ ಹೆಸರು ಬರೆಯಲು ಜಾಗ ಉಳಿಯುತ್ತದೆ. ಹದಿನೈದು ಚುಕ್ಕಿಯದು ಅದೇ ಅಂತರದಲ್ಲಿ ಇಟ್ಟರೆ ಅಂಚಿನಿಂದ ಅಂಚಿಗೆ ತಾಗಿ, ಮೇಲೆ ಕೆಳಗೆ ಹೊರಕ್ಕೇ ಹೋಗುತ್ತದೆ. ಅರ್ಧ ಸೆಂಟಿಮೀಟರಿಗೆ ಇಳಿಸಬೇಕು, ಇಳಿಸಿದರೆ ಬೆರಳಿನ ಸಂದಿಯ ಪುಡಿಯ ಗೆರೆ ಸೂಜಿಮೊನೆಯ ಗೆರೆಯಾಗಬೇಕು. ಪೆನ್ಸಿಲಿನಲ್ಲಿ ಚುಕ್ಕಿ ಇಟ್ಟು, ಶಾಯಿಯಲ್ಲಿ ಗೆರೆ ಎಳೆದು, ಒಣಗಿದ ಮೇಲೆ ಚುಕ್ಕಿ ಅಳಿಸುತ್ತಿದ್ದರು. ಶಾಲೆಯಲ್ಲಿ ರೇಖಾಗಣಿತ ಕಲಿಯದ ಹೆಂಗಸರು ಈ ಅಳತೆಯನ್ನು ಕಣ್ಣಿನಲ್ಲೇ ಮಾಡುತ್ತಿದ್ದರು. ನಾವು ಇದನ್ನು ಗಣಿತ ಎನ್ನುವುದಿಲ್ಲ, ‘ಹೊತ್ತು ಕಳೆಯಲು ಏನೋ ಗೀಚುತ್ತಾರೆ’ ಎನ್ನುತ್ತೇವೆ.

ರಂಗೋಲಿಯ ನಂತರ ಕಸೂತಿ. ಪತ್ರಿಕೆಯ ಕಸೂತಿ ಮಾದರಿ ಎಂದರೆ ಚೌಕಳಿ ಹಾಳೆಯ ಮೇಲೆ ಗುಣಿಸು ಗುರುತು: ಒಂದು ಗುರುತು ಒಂದು ಹೊಲಿಗೆ. ಈ ಪದ್ಧತಿಯ ಹಿಂದೆ ದೊಡ್ಡ ಪ್ರಯಾಣವಿದೆ. ಹತ್ತೊಂಬತ್ತನೇ ಶತಮಾನದ ಶುರುವಿನಲ್ಲಿ ಜರ್ಮನಿಯ ಬರ್ಲಿನ್‌ನಲ್ಲಿ ಚೌಕಳಿ ಹಾಳೆಯ ಮೇಲೆ ಬಣ್ಣ ತುಂಬಿದ ಕಸೂತಿ ನಕ್ಷೆ ಅಚ್ಚು ಹಾಕಿ ಮಾರಲು ತೊಡಗಿದರು. ಅಲ್ಲಿಂದ ಯುರೋಪು, ಅಮೆರಿಕದ ಹೆಂಗಸರ ಪತ್ರಿಕೆಗಳಿಗೆ, ಅಲ್ಲಿಂದ ಮಿಷನ್ ಶಾಲೆಗಳ ಹೊಲಿಗೆ ತರಗತಿಗೆ, ಕಡೆಗೆ ನಮ್ಮ ವಾರಪತ್ರಿಕೆಯ ಮಹಿಳಾ ಪುಟಕ್ಕೆ. ಗಿಳಿ, ದ್ರಾಕ್ಷಿ ಗೊಂಚಲು, ಹೂಬುಟ್ಟಿ, ಹಂಸದ ಜೋಡಿ. ದಿಂಬಿನ ಚೀಲಕ್ಕೆಂದು ಕೊಟ್ಟ ಗಿಳಿ ಕಾರ್ಡಿಗೆ ಬಂತು. ಎಷ್ಟೋ ಕಾರ್ಡಿನಲ್ಲಿ ಅದನ್ನು ಬರೆಯುತ್ತಲೂ ಇರಲಿಲ್ಲ. ದಪ್ಪ ಹಾಳೆಗೆ ಸೂಜಿಯಲ್ಲಿ ತೂತು ಮಾಡಿ ಬಣ್ಣದ ದಾರದಲ್ಲೇ ಹೊಲಿಯುತ್ತಿದ್ದರು. ಹಿಂದಿನ ಗಂಟು ಕಾಣದ ಹಾಗೆ ಇನ್ನೊಂದು ಹಾಳೆ ಅಂಟಿಸುವುದು.

ನಕಲು ಇಳಿಸುವ ಉಪಾಯಗಳೇ ಒಂದು ವಿದ್ಯೆ. ಕಾರ್ಬನ್ ಹಾಳೆ ಸಿಕ್ಕರೆ ಸರಿ, ಅದು ಸೊಸೈಟಿಯ ರಸೀತಿ ಪುಸ್ತಕದಿಂದ ಬರಬೇಕು. ಇಲ್ಲದವರು ತೆಳ್ಳನೆಯ ಹಾಳೆಗೆ ಕೊಬ್ಬರಿ ಎಣ್ಣೆ ಸವರಿ ಒಣಗಿಸಿದರೆ ಅದು ಪಾರದರ್ಶಕವಾಗುತ್ತಿತ್ತು. ಹಗಲಲ್ಲಿ ಕಿಟಕಿಯ ಗಾಜಿಗೆ ಒತ್ತಿ ಹಿಡಿಯುವುದು. ರಾತ್ರಿಯಾದರೆ ಗಾಜಿನ ತುಂಡನ್ನು ಎರಡು ಸೇರಿನ ಮೇಲಿಟ್ಟು ಕೆಳಗೆ ಬುಡ್ಡಿದೀಪ. ನ್ಯೂಸ್‌ಪ್ರಿಂಟಿನ ಚಿತ್ರದ ಮೇಲೆ ಮೇಣ ತಿಕ್ಕಿದ ಹಾಳೆ ಮಡಚಿ ಚಮಚದ ಬೆನ್ನಿನಲ್ಲಿ ಉಜ್ಜಿದರೆ ಶಾಯಿ ಎದ್ದು ಬರುತ್ತಿತ್ತು, ಆದರೆ ತಿರುಗುಮುರುಗಾಗಿ. ಎಡಗೈಯಲ್ಲಿ ಬಿಲ್ಲು ಹಿಡಿದ ರಾಮ ಎಡಚನಾಗುತ್ತಿದ್ದ.

ಬಣ್ಣಕ್ಕೂ ಅಡುಗೆಮನೆಯೇ. ಅರಿಶಿನದ ನೀರು ಹಳದಿ, ಅದಕ್ಕೆ ಚಿಟಿಕೆ ಸುಣ್ಣ ಬಿದ್ದರೆ ಕೆಂಪು. ಆರತಿಯ ಓಕುಳಿ ಮಾಡುವುದೂ ಇದೇ ರೀತಿ ಅಲ್ಲವೇ. ಬೀಟ್‌ರೂಟ್, ದಾಸವಾಳ, ಮೆಹಂದಿ ಸೊಪ್ಪು. ಇವೆಲ್ಲ ಬಿಸಿಲಿಗೆ ಬೇಗ ಮಾಸುತ್ತವೆ. ಹಾಗಾಗಿ ಹಳೆಯ ಕಾರ್ಡುಗಳಲ್ಲಿ ಶಾಯಿಯ ಗೆರೆ ಉಳಿದು ಬಣ್ಣ ಹೋಗಿರುವುದೇ ಹೆಚ್ಚು. ಅಂಟಿಗೆ ಮೈದಾ ಗಂಜಿ, ಅವಸರಕ್ಕೆ ಅನ್ನದ ಅಗುಳು. ಬೇಲದ ಮರದ ಅಂಟು ಸಿಕ್ಕವರ ಕಾರ್ಡು ಗಟ್ಟಿ. ಮೈಸೂರು ಚಿತ್ರಕಾರರೂ ಬಳಸುತ್ತಿದ್ದ ಅಂಟು ಅದು.

ಎಲ್ಲಕ್ಕಿಂತ ಬೆಲೆ ಬಾಳುತ್ತಿದ್ದದ್ದು ಅರಳಿ ಎಲೆಯ ಕಾರ್ಡು. ಬಲಿತ ಎಲೆಯನ್ನು ನೀರಿನಲ್ಲಿ ಎರಡು ಮೂರು ವಾರ ನೆನೆಹಾಕಬೇಕು. ಹಸಿರು ಕೊಳೆತು ಸಡಿಲವಾದ ಮೇಲೆ ನೀರಿನೊಳಗೇ ಇಟ್ಟು ಹಳೆಯ ಹಲ್ಲುಜ್ಜುವ ಬ್ರಶ್ಶಿನಲ್ಲಿ ಮೆಲ್ಲಗೆ ತಟ್ಟಬೇಕು, ಎಳೆಯಬಾರದು. ನರಗಳ ಬಲೆ ಮಾತ್ರ ಉಳಿಯುತ್ತದೆ, ಸೀರೆಯ ಜಾಲರಿಯ ಹಾಗೆ. ಪತ್ರಿಕೆಯ ನಡುವೆ ಒತ್ತಿ ಒಣಗಿಸಿ, ಅದರ ಮೇಲೆ ಬಣ್ಣದಲ್ಲಿ ಕೃಷ್ಣನನ್ನೋ ಬುದ್ಧನನ್ನೋ ಬರೆಯುವುದು. ಸಂಕ್ರಾಂತಿಗೆ ಕಾರ್ಡು ಬೇಕೆಂದರೆ ಡಿಸೆಂಬರ್ ಮೊದಲ ವಾರಕ್ಕೇ ಎಲೆ ನೀರಿಗೆ ಬೀಳಬೇಕು. ಹಿತ್ತಲ ಮೂಲೆಯ ಆ ಮಡಕೆಯ ವಾಸನೆಗೆ ಮನೆಯವರ ಬೈಗುಳ ತಪ್ಪಿದ್ದಲ್ಲ. ಹತ್ತು ಎಲೆ ಹಾಕಿದರೆ ಮೂರು ಕೂಡ ಹರಿಯದೆ ಬಂದರೆ ಪುಣ್ಯ. ಅಂಥ ಕಾರ್ಡು ಎಲ್ಲರಿಗೂ ಹೋಗುತ್ತಿರಲಿಲ್ಲ. ಯಾರಿಗೆ ಹೋಗುತ್ತಿತ್ತು ಎನ್ನುವುದರಲ್ಲೇ ಅರ್ಧ ಸುದ್ದಿ ಇರುತ್ತಿತ್ತು!

ಲಗ್ನಪತ್ರಿಕೆಗಳನ್ನು ಮರೆಯುವ ಹಾಗಿಲ್ಲ. ಮದುವೆ ಮುಗಿದ ಮೇಲೆ ಮೊಳೆಗೆ ಸಿಕ್ಕಿಸಿದ ಲಗ್ನಪತ್ರಿಕೆಯಲ್ಲಿ ಚಿನ್ನದ ಬಣ್ಣದ ಗಣೇಶ, ನವಿಲು, ಬಾಳೆಕಂಬ ಇರುತ್ತವೆ. ಕತ್ತರಿಸಿ ಹೊಸ ಹಾಳೆಗೆ ಅಂಟಿಸಿದರೆ ಮುಕ್ಕಾಲು ಕಾರ್ಡು ಸಿದ್ಧ. ಹಬ್ಬದ ವಿಶೇಷಾಂಕಗಳ ನುಣುಪಾದ ಬಣ್ಣದ ಪುಟಗಳದ್ದೂ ಇದೇ ಗತಿ. ಚಂದ್ರನಾಥ ಆಚಾರ್ಯರಂಥ ದೊಡ್ಡ ಕಲಾವಿದರು ಪ್ರಜಾವಾಣಿ ಬಳಗದ ಪತ್ರಿಕೆಗಳಿಗೆ ಬರೆಯುತ್ತಿದ್ದ ಕಾಲ ಅದು. ಕತೆಗೆಂದು ಅಂಥವರು ಬರೆದ ಹೆಣ್ಣಿನ ಮುಖ ಯಾವುದೋ ಹಳ್ಳಿಯಲ್ಲಿ ಕತೆಯಿಂದ ಬೇರೆಯಾಗಿ, ಕೈಗೆ ಎಳ್ಳಿನ ತಟ್ಟೆ ಸೇರಿಸಿಕೊಂಡು, ಬೀಗರ ಮನೆಗೆ ಹೋಗುತ್ತಿತ್ತು.

ಇಲ್ಲಿ ಒಂದು ತಕರಾರು ಏಳುತ್ತದೆ. ‘ಅದೆಲ್ಲ ನಕಲು ತಾನೇ, ಅದರಲ್ಲಿ ಕಲೆ ಏನು ಬಂತು?’ ಹಳೆಯ ಕಾರ್ಡಿನ ಬಗ್ಗೆ ಕೇಳಲು ಹೋದರೆ ಮಾಡಿದ ಹೆಂಗಸರೇ ಈ ಮಾತು ಹೇಳಿ ಮುಚ್ಚಿಟ್ಟುಬಿಡುತ್ತಾರೆ. ನಾನು ಒಪ್ಪುವುದಿಲ್ಲ. ಅಂಗಡಿಯ ಕಾರ್ಡು ನೋಡಿ: ಹಿಮ ಬೀಳದ ನಾಡಿಗೆ ಹಿಮದ ಬೆಟ್ಟ. ಸಂಕ್ರಾಂತಿಯ ಕಾರ್ಡಿನಲ್ಲಿ ಗಾಳಿಪಟ. ಜನವರಿಯ ಗಾಳಿಪಟ ಗುಜರಾತಿನ ಪದ್ಧತಿ, ನಮ್ಮ ಕಡೆ ಗಾಳಿಪಟಕ್ಕೆ ಆಷಾಢದ ಗಾಳಿ ಬರಬೇಕು. ಕೈಕಾರ್ಡಿನಲ್ಲಿ ಅಂಥದ್ದು ನಡೆಯುತ್ತಿರಲಿಲ್ಲ. ಪತ್ರಿಕೆಯಿಂದ ಇಳಿಸಿದ್ದು ಹೂಬುಟ್ಟಿಯೇ ಆದರೂ ಅದರೊಳಗೆ ಅವರೆಕಾಯಿ, ಗೆಣಸು, ಕಬ್ಬು ಬರುತ್ತಿದ್ದವು. ಕಿಚ್ಚು ಹಾಯುವ ಎತ್ತಿಗೆ ಮಾದರಿ ಯಾವ ಕಸೂತಿ ಪುಸ್ತಕದಲ್ಲೂ ಇರಲಿಲ್ಲ, ಕೊಟ್ಟಿಗೆಯಲ್ಲಿ ಇತ್ತು. ಕೊಂಬಿಗೆ ಬಣ್ಣ, ಕೊರಳಿಗೆ ಗೆಜ್ಜೆ, ಹಳ್ಳಿಕಾರ್ ತಳಿಯ ಆ ಹಿಂದಕ್ಕೆ ಬಾಗಿದ ಕೊಂಬು. ನಕಲು ಎನ್ನುವುದು ಕೈ ಪಳಗುವ ತನಕ. ಆಮೇಲೆ ಕೈ ತನ್ನ ಊರನ್ನೇ ಬರೆಯುತ್ತದೆ.

ಹೊರಗಿನ ಎರಡು ಉದಾಹರಣೆ ಹೇಳುತ್ತೇನೆ. ಅಮೆರಿಕದ ವೂಸ್ಟರ್ ಎಂಬ ಊರಿನಲ್ಲಿ ಎಸ್ತರ್ ಹೌಲ್ಯಾಂಡ್ ಎಂಬ ಹುಡುಗಿ 1847ರಲ್ಲಿ ಓದು ಮುಗಿಸಿ ಬಂದಳು. ಅಪ್ಪನದು ಕಾಗದ-ಪುಸ್ತಕದ ಅಂಗಡಿ. ಇಂಗ್ಲೆಂಡಿನಿಂದ ಬಂದ ಜಾಲರಿ ಕಾಗದದ ವ್ಯಾಲೆಂಟೈನ್ ಕಾರ್ಡೊಂದನ್ನು ನೋಡಿ, ಇದನ್ನು ನಾನೂ ಮಾಡಬಲ್ಲೆ ಎಂದು ಕೂತಳು. ಗೆಳತಿಯರನ್ನು ಮೇಜಿನ ಸುತ್ತ ಕೂರಿಸಿ ಒಬ್ಬಳು ಕತ್ತರಿಸುವುದು, ಒಬ್ಬಳು ಅಂಟಿಸುವುದು ಎಂದು ಕೆಲಸ ಹಂಚಿದಳು. ಅದು ದೊಡ್ಡ ವ್ಯಾಪಾರವಾಗಿ, 1881ರಲ್ಲಿ ಮಾರುವ ತನಕ ನಡೆಯಿತು. ಅವಳೂ ಶುರು ಮಾಡಿದ್ದು ನಕಲಿನಿಂದಲೇ. ಅವಳ ಹೆಸರು ಇತಿಹಾಸದಲ್ಲಿದೆ, ಕಾರ್ಡುಗಳು ಮ್ಯೂಸಿಯಮ್ಮಿನಲ್ಲಿವೆ.

ಇನ್ನೊಬ್ಬಳು ಏಳು ವರ್ಷದ ಮಗು, ಯಿಟ್ಕಾ ಸಾಮ್ಕೋವಾ. ಎರಡನೇ ಮಹಾಯುದ್ಧ ಮುಗಿದ ಹೊತ್ತು, ಚೆಕೊಸ್ಲೊವಾಕಿಯಾದ ಹಳ್ಳಿ. ಯುನಿಸೆಫ್ ಕಳಿಸಿದ ನೆರವಿಗೆ ಥ್ಯಾಂಕ್ಸ್ ಹೇಳಲು ಅವಳು ಚಿತ್ರ ಬರೆದಳು. ಕಾಗದ ಸಿಗದೆ ಗಾಜಿನ ಮೇಲೆ ಬರೆದಳು. ಕುಣಿಯುವ ಮಕ್ಕಳ ಆ ಚಿತ್ರವೇ 1949ರಲ್ಲಿ ಯುನಿಸೆಫ್‌ನ ಮೊದಲ ಶುಭಾಶಯ ಕಾರ್ಡಾಯಿತು. ಕಾಗದ ಇಲ್ಲದ ಹಳ್ಳಿಯ ಮಗುವಿನ ಚಿತ್ರ ಲೋಕ ಸುತ್ತಿತು; ಯಾಕೆಂದರೆ ಯಾರೋ ಅದನ್ನು ಎತ್ತಿಟ್ಟರು.

ಒಳಗೆ ಬರೆಯುತ್ತಿದ್ದ ಮಾತಿನ ಬಗ್ಗೆ ಹೆಚ್ಚು ಹೇಳುವುದಿಲ್ಲ. ಅದು ಹೆಚ್ಚೂಕಡಿಮೆ ಎಲ್ಲ ಕಡೆ ಒಂದೇ. ‘ಉಭಯ ಕುಶಲೋಪರಿ’ ಕಾಗದಕ್ಕೆ, ಕಾರ್ಡಿಗೆ ಪ್ರಾಸ. ಮೂಲೆಗೆ ಅರಿಶಿನ ಕುಂಕುಮ ಮುಟ್ಟಿಸಿದ್ದರೆ ಬಿಚ್ಚುವ ಮೊದಲೇ ಸಮಾಧಾನ, ಸಾವಿನ ಕಾಗದ ಮೂಲೆ ಹರಿದು ಬರುತ್ತಿತ್ತಲ್ಲ. ತಮಾಷೆಯೆಂದರೆ ಅದೇ ಪೋಸ್ಟಾಫೀಸಿನಲ್ಲಿ ಇನ್ನೊಂದು ಶುಭಾಶಯವೂ ಇತ್ತು. ಟೆಲಿಗ್ರಾಂ ಇಲಾಖೆ ಶುಭಾಶಯಗಳಿಗೆ ನಂಬರು ಹಾಕಿಟ್ಟಿತ್ತು. ದೀಪಾವಳಿಗೆ 1, ಹೊಸ ವರ್ಷಕ್ಕೆ 4, ಮದುವೆಗೆ 8. ಫಾರಂನಲ್ಲಿ ನಂಬರು ಬರೆದರೆ ಸಾಕು, ಆ ಕಡೆ ಪೂರಾ ವಾಕ್ಯ ತಲುಪುತ್ತಿತ್ತು. ಒಂದೇ ಕೌಂಟರಿನಲ್ಲಿ ಒಂದು ಕಡೆ ಎಂಟನೇ ನಂಬರಿನ ಹಾರೈಕೆ, ಇನ್ನೊಂದು ಕಡೆ ಮೂರು ವಾರ ಕೊಳೆಸಿ ತೆಗೆದ ಅರಳಿ ಎಲೆ. 2013ರ ಜುಲೈನಲ್ಲಿ ಟೆಲಿಗ್ರಾಂ ನಿಂತುಹೋಯಿತು. ಇವತ್ತು ವಾಟ್ಸಾಪಿನಲ್ಲಿ ಒಂದೇ ಚಿತ್ರ ನಲವತ್ತು ಗ್ರೂಪಿಗೆ ಹೋಗುವಾಗ ನನಗೆ ಆ ಎಂಟನೇ ನಂಬರು ನೆನಪಾಗುತ್ತದೆ. ಹಾಗೆ ನೋಡಿದರೆ ಫಾರ್ವರ್ಡ್ ಹೊಸ ರೋಗವೇನಲ್ಲ.

ಕೈಕಾರ್ಡು ಯಾವಾಗ ನಿಂತಿತು? ಒಂದೇ ಪೆಟ್ಟಿಗೆ ಅಲ್ಲ. 1979ರಲ್ಲಿ ಶುರುವಾದ ಆರ್ಚೀಸ್ ಕಂಪನಿಯ ಕಾರ್ಡುಗಳು ತೊಂಬತ್ತರ ದಶಕದಲ್ಲಿ ಮೈಸೂರಿನ ಅಂಗಡಿಗಳಿಂದ ಕಾಲೇಜು ಹುಡುಗರ ಚೀಲ ಸೇರಿ ಊರಿಗೆ ಬಂದವು. ಅವುಗಳ ಮುಂದೆ ಮೈದಾ ಗಂಜಿಯ ಕಾರ್ಡು ಕೊಡಲು ನಾಚಿಕೆಯಾಯಿತು. ಅದೇ ಹೊತ್ತಿಗೆ ಎಸ್‌ಟಿಡಿ ಬೂತು. ಆಮೇಲೆ ಎಸ್‌ಎಂಎಸ್, ಆಮೇಲೆ ಎಲ್ಲರ ಕೈಯಲ್ಲೂ ಈಗ ನೀವು ಇದನ್ನು ಓದುತ್ತಿರುವ ಫೋನು. ನಾಲ್ಕಾಣೆ ನಾಣ್ಯವೇ 2011ರ ಜೂನ್ 30ರ ನಂತರ ಚಲಾವಣೆಯಲ್ಲಿ ಉಳಿಯಲಿಲ್ಲ. ‘ಚಂದಮಾಮ’ ನಿಂತಿತು. ‘ಸುಧಾ’, ‘ತರಂಗ’ ಬರುತ್ತಲೇ ಇವೆ, ಆದರೆ ರಂಗೋಲಿಗೆ ಈಗ ಯಾರೂ ಪುಟ ಕತ್ತರಿಸುವುದಿಲ್ಲ, ಯೂಟ್ಯೂಬಿದೆ. ಕಲಿಯಲು ಅದು ಒಳ್ಳೆಯದೇ. ಕೈ ಹೇಗೆ ತಿರುಗುತ್ತದೆ ಎಂದು ಪುಟ ಯಾವತ್ತೂ ತೋರಿಸಿರಲಿಲ್ಲ.

ಕಾರ್ಡು ನಿಂತದ್ದಕ್ಕೆ ನನಗೆ ಅಷ್ಟು ಬೇಸರವಿಲ್ಲ. ಬೇಸರವಿರುವುದು ನೋಟ್‌ಬುಕ್ಕುಗಳ ಬಗ್ಗೆ. ಕಾರ್ಡು ಮಾಡುತ್ತಿದ್ದ ಪ್ರತಿಯೊಬ್ಬರ ಬಳಿ ಒಂದು ನೋಟ್‌ಬುಕ್ ಇರುತ್ತಿತ್ತು. ಪತ್ರಿಕೆಯಿಂದ ಕತ್ತರಿಸಿ ಅಂಟಿಸಿದ ಮಾದರಿ, ಪಕ್ಕದಲ್ಲಿ ತಾನು ಬದಲಿಸಿ ಬರೆದದ್ದು, ಕೆಳಗೆ ಯಾರಿಗೆ ಯಾವ ವರ್ಷ ಕಳಿಸಿದೆ ಎಂಬ ಲೆಕ್ಕ, ಎಷ್ಟು ಕಾಸಿನ ಅಂಚೆಚೀಟಿ. ನನ್ನ ಅತ್ತೆಯೊಬ್ಬರ ಬಳಿ ಅಂಥವು ಮೂರಿದ್ದವು. ಎರಡು ಒಂದು ಯುಗಾದಿಗೆ ಸುಣ್ಣ ಬಳಿಯುವಾಗ ಹಳೆಯ ಪತ್ರಿಕೆಗಳ ಜತೆ ತೂಕಕ್ಕೆ ಹೋದವು. ಉಳಿದ ಒಂದರಲ್ಲಿ 1987ರಿಂದ 1994ರವರೆಗಿನ ಎಂಟು ಸಂಕ್ರಾಂತಿಗಳಿವೆ. ಗೆಳತಿಯರ ಹೆಸರಿನ ಮುಂದೆ ಊರಿನ ಹೆಸರು ಎರಡು ಮೂರು ಸಲ ಹೊಡೆದು ತಿದ್ದಿದೆ: ತವರು, ಗಂಡನ ಮನೆ, ಆಮೇಲೆ ಬೆಂಗಳೂರು. ಒಂದು ಹೆಸರಿನ ಮುಂದೆ 1991ರಿಂದ ಏನೂ ಇಲ್ಲ. ಕೇಳಿದೆ. ‘ಅವಳು ಹೆರಿಗೇಲಿ ಹೋದ್ಲು’ ಅಂದರು.

ಎಲ್ಲ ದಾಖಲೆಗಳಲ್ಲೂ ಈ ನಾಲ್ಕು ತಾಲ್ಲೂಕುಗಳಿವೆ. 1924ರ ಪ್ರವಾಹದ ನಂತರ ಎಡತೊರೆಯ ಬದಲಿಗೆ ಕೆ.ಆರ್. ನಗರ ಕಟ್ಟಿದ್ದು ದಾಖಲೆಯಲ್ಲಿದೆ. ಕಬಿನಿ ಅಣೆಕಟ್ಟಿಗೆ ಕೋಟೆ ತಾಲ್ಲೂಕಿನ ಹಳ್ಳಿಗಳು ಮುಳುಗಿದ್ದು ದಾಖಲೆಯಲ್ಲಿದೆ. ಹೊಗೆಸೊಪ್ಪಿನ ಕೇಜಿ ಲೆಕ್ಕವಿದೆ. ಯಾವ ಹುಡುಗಿ ಯಾವ ಊರಿಗೆ ಹೋದಳು, ಯಾರ ನೆನಪು ಇಟ್ಟುಕೊಂಡಳು, ಕೈಯಲ್ಲಿ ಏನು ಬರೆಯಬಲ್ಲವಳಾಗಿದ್ದಳು ಎನ್ನುವುದು ಮಾತ್ರ ಈ ನೋಟ್‌ಬುಕ್ಕುಗಳಲ್ಲಿ ಬಿಟ್ಟರೆ ಬೇರೆಲ್ಲೂ ಇಲ್ಲ. ರದ್ದಿಯವನು ಅದಕ್ಕೂ ನ್ಯೂಸ್‌ಪೇಪರಿನ ದರವನ್ನೇ ಕೊಡುತ್ತಾನೆ.

ನಿಮ್ಮ ಮನೆಯ ಟ್ರಂಕಿನಲ್ಲಿ ಅಂಥದ್ದೊಂದು ಇದ್ದರೆ ಹೊರಗೆ ತೆಗೆಯಿರಿ. ಬಿಸಿಲಿಗೆ ಒಣಹಾಕಬೇಡಿ, ಅರಿಶಿನದ ಬಣ್ಣ ಒಂದೇ ಮಧ್ಯಾಹ್ನಕ್ಕೆ ಪೇಲವವಾಗುತ್ತದೆ. ನೆರಳಲ್ಲಿ ಗಾಳಿಯಾಡಲು ಬಿಡಿ. ಅಂಟು ಬಿಟ್ಟ ಚೂರುಗಳನ್ನು ಸೆಲೋಟೇಪಿನಲ್ಲಿ ಹಚ್ಚಬೇಡಿ, ಕೆಲವೇ ವರ್ಷದಲ್ಲಿ ಅದು ಕಂದು ಕಲೆಯಾಗಿ ಕಾಗದ ತಿನ್ನುತ್ತದೆ. ಹಾಗೆಯೇ ಪುಟದ ನಡುವೆ ಇಡಿ. ಬಾಗಿಲ ಬಳಿ ಬೆಳಗಿನ ಬೆಳಕಿನಲ್ಲಿ, ಫ್ಲ್ಯಾಶ್ ಹಾಕದೆ, ಪುಟದ ನೇರ ಮೇಲಿನಿಂದ ಫೋಟೊ ತೆಗೆಯಿರಿ, ಖಾಲಿ ಬೆನ್ನೂ ಸೇರಿಸಿ, ಯಾಕೆಂದರೆ ಲೆಕ್ಕ ಇರುವುದು ಅಲ್ಲೇ. ಬರೆದವರು ಬದುಕಿದ್ದರೆ ಪಕ್ಕದಲ್ಲಿ ಕೂತು ಪ್ರತಿ ಹೆಸರೂ ಯಾರದು ಎಂದು ಕೇಳಿ, ಫೋನಿನಲ್ಲೇ ಧ್ವನಿ ಹಿಡಿಯಿರಿ. ಪಂಚಾಯಿತಿಯ ಲೈಬ್ರರಿ ಈಗ ಅರಿವು ಕೇಂದ್ರವಾಗಿದೆಯಲ್ಲ, ಒಂದು ಶನಿವಾರ ಊರಿನ ನಾಲ್ಕೈದು ನೋಟ್‌ಬುಕ್ ಅಲ್ಲಿನ ಮೇಜಿನ ಮೇಲೆ ಹರಡಿ, ಶಾಲೆಯ ಮಕ್ಕಳನ್ನು ಕರೆಸಿ. ‘7 ಚುಕ್ಕಿ, 4ಕ್ಕೆ ನಿಲ್ಲಿಸಿ’ ಅಂದರೇನು ಎಂದು ಅಜ್ಜಿಯರೇ ಹೇಳಿಕೊಡಲಿ.

ಮತ್ತೆ ಕಳಿಸುವ ಆಸೆ ಯಾರಿಗಾದರೂ ಬಂದರೆ, ಪೋಸ್ಟ್ ಕಾರ್ಡಿನ ಬೆಲೆ ಇವತ್ತಿಗೂ 50 ಪೈಸೆ. ಊರಿನ ಹೆಸರಿನ ಕೆಳಗೆ ಪಿನ್ ಬರೆಯುವುದು 1972ರ ಆಗಸ್ಟ್ 15ರಿಂದ ಬಂದ ಪದ್ಧತಿ. ಹುಣಸೂರು ಪಟ್ಟಣಕ್ಕೆ 571105, ಪಿರಿಯಾಪಟ್ಟಣಕ್ಕೆ 571107, ಎಚ್.ಡಿ. ಕೋಟೆಗೆ 571114, ಕೆ.ಆರ್. ನಗರಕ್ಕೆ 571602. ಹಳ್ಳಿಯದು ಬೇರೆ ಇರಬಹುದು, ಪೋಸ್ಟ್‌ಮ್ಯಾನನ್ನು ಕೇಳಿ.